ಕಾಲೇಜು ಮಕ್ಕಳ ಜೊತೆ ಕ್ರೂಸ್: ದಾವಣಗೆರೆಯಿಂದ ಹೊರಡುವವರು ಹಡಗು ಆರಿಸುವ ಬಗೆ

ಹದಿನಾರು ದಾಟಿದ ಮಕ್ಕಳನ್ನು ಕರೆದುಕೊಂಡು ಟೂರ್ ಹೋಗುವ ಕಷ್ಟ ಅಪ್ಪ ಅಮ್ಮಂದಿರಿಗೆಲ್ಲ ಗೊತ್ತು. ಬೆಳಿಗ್ಗೆ ಆರಕ್ಕೆ ಎದ್ದು ಹೊರಡೋಣ ಅಂದರೆ ಏಳಲ್ಲ. ದೇವಸ್ಥಾನದ ಕ್ಯೂನಲ್ಲಿ ಮೊಬೈಲು. ರಾತ್ರಿ ನಮಗೆ ಕಣ್ಣು ಎಳೆಯುವ ಹೊತ್ತಿಗೆ ಅವರಿಗೆ ಹುರುಪು ಬರುತ್ತದೆ. ಒಂದೇ ಇನ್ನೋವಾದಲ್ಲಿ ಐದು ದಿನ ಕೂತರೆ ಆರನೇ ದಿನಕ್ಕೆ ಯಾರಿಗೂ ಯಾರ ಮುಖವೂ ಬೇಡ.

ಕ್ರೂಸ್ ಇಂಥ ಮನೆಗಳಿಗೇ ಹೇಳಿ ಮಾಡಿಸಿದ್ದು ಅಂತ ನನ್ನ ಅಭಿಪ್ರಾಯ. ಸಮುದ್ರ ಚೆನ್ನಾಗಿರುತ್ತದೆ ಅನ್ನುವುದು ಆಮೇಲಿನ ಮಾತು. ಹಗಲೆಲ್ಲ ಅವರ ಪಾಡಿಗೆ ಅವರು, ನಮ್ಮ ಪಾಡಿಗೆ ನಾವು ಇದ್ದು, ರಾತ್ರಿ ಊಟಕ್ಕೆ ಒಂದೇ ಟೇಬಲ್ಲಿಗೆ ಬರಬಹುದು. ಹಡಗು ಬಿಟ್ಟು ಯಾರೂ ಎಲ್ಲಿಗೂ ಹೋಗಲು ಆಗಲ್ಲ, ಹಾಗಾಗಿ ಹುಡುಕಿಕೊಂಡು ಅಲೆಯುವ ಆತಂಕ ಕಡಿಮೆ. ಆದರೆ ಎಲ್ಲ ಹಡಗಿನಲ್ಲೂ ಹೀಗೆ ಆಗುವುದಿಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಹತ್ತಿದರೆ ಮಕ್ಕಳು ಮೂರು ದಿನ ರೂಮಿನಲ್ಲಿ ಮಲಗಿ ಬರುವುದೂ ಉಂಟು. ಅದಕ್ಕೇ ಆರಿಸುವಾಗ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಈ ಹಡಗಿನಲ್ಲಿ ನಾವು ನಾಲ್ವರೂ ನೆಮ್ಮದಿಯಾಗಿ ಬೇರೆ ಬೇರೆ ಇರಬಹುದಾ?

1. ಮೊದಲು ವಯಸ್ಸಿನ ಲೆಕ್ಕ

ಊರು, ದರ, ಫೋಟೋ ನೋಡುವ ಮುಂಚೆ ಮಕ್ಕಳ ಹುಟ್ಟಿದ ದಿನಾಂಕ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಲೆಕ್ಕಕ್ಕೆ ಬರುವುದು ಹಡಗು ಹೊರಡುವ ದಿನದ ವಯಸ್ಸು, ಬುಕ್ ಮಾಡಿದ ದಿನದ್ದಲ್ಲ.

ಇದು ಯಾಕೆ ಮುಖ್ಯ ಅಂದರೆ, ಜಗತ್ತಿನ ದೊಡ್ಡ ಕ್ರೂಸ್ ಕಂಪನಿಗಳು ಹದಿಹರೆಯದವರಿಗೆ ಬೇರೆ ಕ್ಲಬ್ ಇಟ್ಟಿರುತ್ತವೆ. ಎಂಎಸ್‌ಸಿ, ಕಾರ್ನಿವಲ್ ಎರಡರಲ್ಲೂ 12ರಿಂದ 14 ಒಂದು ಗುಂಪು, 15ರಿಂದ 17 ಇನ್ನೊಂದು. ಗೇಮು, ಮ್ಯೂಸಿಕ್, ರಾತ್ರಿ ಪಾರ್ಟಿ ಎಲ್ಲ ಅಲ್ಲಿ ನಡೆಯುತ್ತದೆ. ಅಪ್ಪ ಅಮ್ಮನಿಗೆ ಒಳಗೆ ಬಿಡುವುದಿಲ್ಲ, ಮಕ್ಕಳಿಗೆ ಅದೇ ಖುಷಿ.

ತೊಡಕು ಇರುವುದು ಹದಿನೆಂಟರಲ್ಲಿ. ಹಡಗು ಹೊರಡುವ ದಿನಕ್ಕೆ ಹದಿನೆಂಟು ತುಂಬಿದ್ದರೆ ಟೀನ್ ಕ್ಲಬ್ಬಿನ ಬಾಗಿಲು ಮುಚ್ಚಿದ ಹಾಗೆ. ಅಕ್ಕನಿಗೆ 18, ತಮ್ಮನಿಗೆ 16 ಆಗಿದ್ದರೆ ತಮ್ಮ ಒಳಗೆ, ಅಕ್ಕ ಹೊರಗೆ. ದೊಡ್ಡವರ ಕಡೆ ಹೋಗೋಣ ಅಂದರೆ ಅಲ್ಲಿಯೂ ನಿಯಮ ಬೇರೆ. ರಾಯಲ್ ಕೆರಿಬಿಯನ್‌ನಲ್ಲಿ ಮದ್ಯಕ್ಕೆ ಅಮೆರಿಕದಿಂದ ಹೊರಡುವ ಯಾತ್ರೆಗಳಲ್ಲಿ 21 ಆಗಿರಬೇಕು, ಏಷ್ಯಾ ಮತ್ತು ಯೂರೋಪಿನಿಂದ ಹೊರಟರೆ 18 ಸಾಕು. ನಿಮ್ಮ ಮಗ ಕಾನೂನು ಪ್ರಕಾರ ಬಾರಿನಲ್ಲಿ ಕೂರಬಹುದಾದ ಹಡಗು ಇದಾ ಅನ್ನುವುದು ಹತ್ತುವ ಮುಂಚೆಯೇ ನಿಮಗೆ ಗೊತ್ತಿರಲಿ. ಅಲ್ಲಿ ಹೋಗಿ ಗೊತ್ತಾದರೆ ಸುಮ್ನೆ ಜಗಳ.

ಹದಿನೇಳರ ಕೊನೆಯಲ್ಲಿರುವ ಮಗಳಿದ್ದರೆ, ಒಂದು ತಿಂಗಳು ಹಿಂದೆ ಮುಂದೆ ಮಾಡಿ ಹದಿನೆಂಟು ತುಂಬುವ ಮುಂಚೆ ಹೋಗುವುದು ಒಳ್ಳೆಯದು. ಮಕ್ಕಳಿಬ್ಬರೂ ಹದಿನೆಂಟು ದಾಟಿದ್ದರೆ ಕ್ಲಬ್ ಮರೆತುಬಿಡಿ. ಆಟ ಮತ್ತು ಬಯಲು ಜಾಗ ಜಾಸ್ತಿ ಇರುವ ಹಡಗು ನೋಡಿ.

2. ಪರೀಕ್ಷೆ ಒಂದು ಕಡೆ, ಮಳೆಗಾಲ ಇನ್ನೊಂದು ಕಡೆ

ದಾವಣಗೆರೆ ಅಂದರೆ ಕಾಲೇಜುಗಳ ಊರು. ನಮ್ಮಲ್ಲಿ ಮನೆಯ ಕ್ಯಾಲೆಂಡರ್ ನಡೆಸುವುದು ಕೋಚಿಂಗ್ ಕ್ಲಾಸು. ಪ್ರಥಮ ಪಿಯು ಮುಗಿಸಿದ ಮಕ್ಕಳಿದ್ದರೆ ಏಪ್ರಿಲ್ ಒಳ್ಳೆಯ ತಿಂಗಳು. ದ್ವಿತೀಯ ಪಿಯು ಆದರೆ ಮಾರ್ಚಿನ ಪರೀಕ್ಷೆ, ಏಪ್ರಿಲ್‌ನ ಸಿಇಟಿ, ಮೇ ಮೊದಲ ವಾರದ ನೀಟ್ ಮುಗಿಯಬೇಕು. ಆಮೇಲೆ ಕೌನ್ಸೆಲಿಂಗ್ ಶುರುವಾಗುವ ತನಕ ಒಂದು ಸಂದು ಸಿಗುತ್ತದೆ. ಮೇ ಮೂರನೇ ವಾರದಿಂದ ಜೂನ್ ಮೊದಲ ವಾರದ ತನಕ ಅಂದುಕೊಳ್ಳಿ.

ಆದರೆ ಅದೇ ಹೊತ್ತಿಗೆ ಅರಬ್ಬಿ ಸಮುದ್ರ ಕೆರಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಪಶ್ಚಿಮ ಕರಾವಳಿಯಲ್ಲಿ ಕ್ರೂಸ್ ಯೋಚನೆಯೇ ಬೇಡ. ಮೇ ಕೊನೆಯ ವಾರವೂ ನಂಬಿಕೆಯದ್ದಲ್ಲ. ಸಿಂಗಾಪುರದಿಂದ ಮಲೇಷ್ಯಾದ ಪಿನಾಂಗ್ ಕಡೆಗೆ ಹೋಗುವ ಮಲಕ್ಕಾ ಜಲಸಂಧಿಗೆ ಸುಮಾತ್ರಾ ದ್ವೀಪ ಅಡ್ಡ ಇರುವುದರಿಂದ ಅಲ್ಲಿ ನೀರು ಸಾಮಾನ್ಯವಾಗಿ ಶಾಂತ. ಹಾಗಾಗಿ ನೀಟ್ ಬರೆದ ಮಕ್ಕಳ ಮನೆಗೆ ಸಿಂಗಾಪುರ, ದಸರಾ ಅಥವಾ ಡಿಸೆಂಬರ್ ರಜೆಗೆ ಮುಂಬೈ. ನನ್ನ ಲೆಕ್ಕ ಇಷ್ಟೇ.

3. ಎಲ್ಲಿಂದ ಹತ್ತಬೇಕು

ನಮ್ಮ ಜಿಲ್ಲೆಯವರಿಗೆ ದೊಡ್ಡ ನೀರು ಅಂದರೆ ಸೂಳೆಕೆರೆ. ಕಡಲು ನೋಡಬೇಕಾದರೆ ಹೇಗೂ ಘಟ್ಟ ಇಳಿಯಲೇಬೇಕು. ಕ್ರೂಸ್‌ಗೆ ಇನ್ನೂ ದೂರ ಹೋಗಬೇಕು, ಆದ್ದರಿಂದ ಬಂದರಿಗೆ ಹೋಗಿ ಬರುವ ಖರ್ಚನ್ನೂ ಕ್ರೂಸ್ ಖರ್ಚಿಗೇ ಸೇರಿಸಿ ನೋಡಿ.

ಮುಂಬೈ: ಕಾರ್ಡೆಲಿಯಾ ಕಂಪನಿಯ ಎಂಪ್ರೆಸ್ ಹಡಗು ಇಲ್ಲಿಂದ ಗೋವಾ, ಲಕ್ಷದ್ವೀಪ, ಕೊಚ್ಚಿ ಕಡೆಗೆ ಹೋಗುತ್ತದೆ. ಪಾಸ್‌ಪೋರ್ಟ್ ಬೇಡ, ಗುರುತಿನ ಚೀಟಿ ಸಾಕು. ರೈಲಿನಲ್ಲಿ ಹೋಗಬಹುದು, ಇಲ್ಲ ಹುಬ್ಬಳ್ಳಿಗೆ ಹೋಗಿ ವಿಮಾನ ಹಿಡಿಯಬಹುದು. ಈ ಹಡಗು 1990ರಲ್ಲಿ 'ನಾರ್ಡಿಕ್ ಎಂಪ್ರೆಸ್' ಅನ್ನುವ ಹೆಸರಿನಲ್ಲಿ ಯಾತ್ರೆ ಶುರು ಮಾಡಿದ್ದು. ಸುಮಾರು 48,000 ಟನ್ನಿನದು. ಮೊದಲ ಸಲಕ್ಕೆ, ಎರಡು ಮೂರು ರಾತ್ರಿಗೆ, ಅಜ್ಜಿ ತಾತನೂ ಜೊತೆಗಿದ್ದರೆ ಇದು ಸರಿ. ಆದರೆ ವಾರಾಂತ್ಯದ ಗೋವಾ ಟ್ರಿಪ್ಪಿಗೆ ಬರುವವರಲ್ಲಿ ಪಾರ್ಟಿ ಗುಂಪುಗಳು ಜಾಸ್ತಿ. ವಾರದ ನಡುವೆ ಹೊರಡುವ ದಿನ ನೋಡಿ.

ಸಿಂಗಾಪುರ: ದೊಡ್ಡ ಮಕ್ಕಳಿದ್ದರೆ ನನ್ನ ಮೊದಲ ಆಯ್ಕೆ ಇದೇ. ಬೆಂಗಳೂರಿನಿಂದ ನಾಲ್ಕೂವರೆ ಗಂಟೆ ವಿಮಾನ. ಇಲ್ಲಿನ ಹಡಗುಗಳೂ ದೊಡ್ಡವು. ಜೆಂಟಿಂಗ್ ಡ್ರೀಮ್ ಸುಮಾರು 1,50,000 ಟನ್. ವರ್ಷದ ಕೆಲವು ತಿಂಗಳು ಇಲ್ಲಿಗೆ ಬರುವ ರಾಯಲ್ ಕೆರಿಬಿಯನ್‌ನ ಕ್ವಾಂಟಮ್ ವರ್ಗದ ಹಡಗುಗಳು ಇನ್ನೂ ದೊಡ್ಡವು, ಸುಮಾರು 1,68,000 ಟನ್. ಎಂಪ್ರೆಸ್‌ನ ಮೂರು ಪಟ್ಟಿಗಿಂತ ಜಾಸ್ತಿ! ದೊಡ್ಡದಾದಷ್ಟೂ ಮಕ್ಕಳಿಗೆ ಕಳೆದುಹೋಗಲು ಜಾಗ ಹೆಚ್ಚು.

ಯೂರೋಪ್: ಬಾರ್ಸಿಲೋನಾ, ರೋಮ್ ಕಡೆಯ ಏಳು ರಾತ್ರಿಯ ಯಾತ್ರೆಗಳು ಚೆಂದವೇ. ಷೆಂಗೆನ್ ವೀಸಾ, ದೂರದ ವಿಮಾನ, ಬೇಸಿಗೆಯ ದುಬಾರಿ ದರ ಎಲ್ಲ ಸೇರಿ ಇದು ಎರಡನೇ ಕ್ರೂಸ್‌ಗೆ ಇರಲಿ.

4. ರಾತ್ರಿ ಹತ್ತರ ಪರೀಕ್ಷೆ

ಟ್ರಾವೆಲ್ ಏಜೆಂಟ್ ತೋರಿಸುವ ವಿಡಿಯೋದಲ್ಲಿ ಎಲ್ಲ ಹಡಗೂ ಒಂದೇ ಥರ ಕಾಣುತ್ತವೆ. ಬಿಸಿಲು, ಈಜುಕೊಳ, ನಗುವ ಮುಖ. ಅದನ್ನು ಪಕ್ಕಕ್ಕಿಡಿ. ಹಡಗಿನ ಹೆಸರು ಕೇಳಿ, ಆ ಹಡಗಿನ ಡೆಕ್ ಪ್ಲಾನ್, ಅಂದರೆ ಯಾವ ಅಂತಸ್ತಿನಲ್ಲಿ ಏನಿದೆ ಅನ್ನುವ ನಕ್ಷೆ, ಮೊಬೈಲಿನಲ್ಲಿ ತೆಗೆಯಿರಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಎರಡು ಹೊತ್ತಿನ ಬಗ್ಗೆ ಕೇಳಿ.

ಒಂದು, ಹಡಗು ಎಲ್ಲೂ ನಿಲ್ಲದ ದಿನ ಮಧ್ಯಾಹ್ನ ಮೂರು ಗಂಟೆ. ಎರಡು, ರಾತ್ರಿ ಹತ್ತು ಗಂಟೆ. ಈ ಎರಡು ಹೊತ್ತಿನಲ್ಲಿ ನಾಲ್ವರೂ ಎಲ್ಲಿರುತ್ತೀರಿ?

ಕ್ವಾಂಟಮ್ ಹಡಗಿನಲ್ಲಿ ಮೂರು ಗಂಟೆಗೆ ಮಗ ಕೃತಕ ಅಲೆಯ ಫ್ಲೋರೈಡರ್‌ನಲ್ಲಿ ಸರ್ಫಿಂಗ್ ಕಲಿಯುತ್ತಾ ಬೀಳುತ್ತಿರಬಹುದು. ಮಗಳು ಗಾಳಿಯಲ್ಲಿ ತೇಲಿಸುವ ಐಫ್ಲೈ ಕೊಳವೆಯಲ್ಲಿ ಇರಬಹುದು. ಗೋಡೆ ಹತ್ತುವುದು, ಬಂಪರ್ ಕಾರ್, ಬ್ಯಾಸ್ಕೆಟ್‌ಬಾಲ್ ಕೂಡ ಇವೆ. ಜೆಂಟಿಂಗ್ ಡ್ರೀಮ್‌ನಲ್ಲಿ ನೀರಿನ ಜಾರುಬಂಡೆಗಳೂ ಹಗ್ಗದ ಮೇಲೆ ನಡೆಯುವ ಸಾಹಸವೂ ಇವೆ. ಆ ಹೊತ್ತಿಗೆ ನೀವು ನೆರಳಿನಲ್ಲಿ ಕಾಫಿ ಹಿಡಿದು ಕೂತಿರುತ್ತೀರಿ. ಇದು ಪಾಸಾದ ಹಡಗು.

ಫೇಲಾಗುವ ಹಡಗು ಹೇಗಿರುತ್ತದೆ? ಒಂದು ಕೊಳ, ಅದರ ತುಂಬ ಚಿಕ್ಕ ಮಕ್ಕಳು. ಒಂದು ರಂಗಮಂದಿರ. ಕ್ಯಾಸಿನೋ, ಅಲ್ಲಿಗೆ ಮಕ್ಕಳಿಗೆ ಪ್ರವೇಶ ಇಲ್ಲ. ಬಾರ್‌ಗಳು. ಅಪ್ಪ ಅಮ್ಮನಿಗೆ ಒಂದು ಸಂಜೆ ಕಳೆಯಬಹುದು, ಹದಿನೇಳರ ಹುಡುಗನಿಗೆ ಎರಡನೇ ರಾತ್ರಿಗೇ ಬೇಜಾರು ಹತ್ತುತ್ತದೆ.

ಚಟುವಟಿಕೆಯ ಪಕ್ಕ ಸಣ್ಣ ಅಕ್ಷರದಲ್ಲಿ ಹಣದ ಗುರುತು ಇದೆಯಾ ನೋಡಿ. ಎತ್ತರ, ತೂಕದ ಮಿತಿಯೂ ಇರುತ್ತದೆ. ಜನಪ್ರಿಯ ಆಟಗಳಿಗೆ, ಶೋಗಳಿಗೆ ಮುಂಚಿತವಾಗಿ ಆ್ಯಪ್‌ನಲ್ಲಿ ಸಮಯ ಕಾದಿರಿಸಬೇಕಾಗುತ್ತದೆ. ಈ ಕೆಲಸ ಮಕ್ಕಳಿಗೇ ವಹಿಸಿ, ನಮಗಿಂತ ಬೇಗ ಮಾಡುತ್ತಾರೆ.

ಮಕ್ಕಳ ಕಡೆಯೇ ನೋಡುತ್ತಾ ನಿಮ್ಮನ್ನು ಮರೆಯಬೇಡಿ. ದೊಡ್ಡವರಿಗೆ ಮಾತ್ರ ಅಂತ ಮೀಸಲಿಟ್ಟ ಕೊಳ ಅಥವಾ ಕೂರುವ ಜಾಗ ಇದೆಯಾ? ಬೆಳಿಗ್ಗೆ ವಾಕಿಂಗ್‌ಗೆ ಸುತ್ತು ಇದೆಯಾ? ಕುಂದವಾಡ ಕೆರೆ ಸುತ್ತು ಹಾಕಿ ಅಭ್ಯಾಸ ಇರುವವರಿಗೆ ಇದು ಇಲ್ಲದಿದ್ದರೆ ಬೆಳಗು ಬೆಳಗೇ ಅಲ್ಲ.

5. ಕ್ಯಾಬಿನ್: ದುಡ್ಡು ಉಳಿಸಬಾರದ ಜಾಗ

ನಾಲ್ವರಿಗೆ ಒಂದೇ ಕ್ಯಾಬಿನ್ ಅಂತ ಏಜೆಂಟ್ ಮೊದಲು ಹೇಳುವುದು. ಅಗ್ಗವೇನೋ ಹೌದು. ಆದರೆ ಸಾಮಾನ್ಯ ಕ್ಯಾಬಿನ್ ಅಂದರೆ 150ರಿಂದ 200 ಚದರಡಿ. ಕೆಳಗೆ ಎರಡು ಮಂಚ, ರಾತ್ರಿ ಚಾವಣಿಯಿಂದ ಇಳಿಸುವ ಇನ್ನೆರಡು ಮಂಚ. ಸ್ನಾನದ ಮನೆಯಲ್ಲಿ ಮೊಣಕೈ ಎತ್ತಿದರೆ ಗೋಡೆಗೆ ತಾಗುತ್ತದೆ. ಆರಡಿ ಎತ್ತರದ ಮಗ ಮೇಲೆ, ನಡುರಾತ್ರಿ ಒಂದು ಗಂಟೆಗೆ ಬಂದು ಏಣಿ ಹತ್ತುತ್ತಾನೆ. ಅಮ್ಮನಿಗೆ ಎಚ್ಚರ. ಬೆಳಿಗ್ಗೆ ಒಂದು ಬಚ್ಚಲಿಗೆ ನಾಲ್ಕು ಜನ.

ನಾನು ಹೇಳುವುದು ಎರಡು ಕ್ಯಾಬಿನ್. ಇದಕ್ಕೆ ಮೂರು ದಾರಿ ಇದೆ. ಮೊದಲನೆಯದು, ಒಳಗೇ ಬಾಗಿಲಿರುವ ಅಕ್ಕಪಕ್ಕದ ಕನೆಕ್ಟಿಂಗ್ ಕ್ಯಾಬಿನ್. ಇವು ಕಡಿಮೆ ಇರುವುದರಿಂದ ಬೇಗ ಮುಗಿದುಹೋಗುತ್ತವೆ. ಎರಡನೆಯದು, ಅಪ್ಪ ಅಮ್ಮನಿಗೆ ಬಾಲ್ಕನಿ ಕ್ಯಾಬಿನ್, ಎದುರಿಗೇ ಮಕ್ಕಳಿಗೆ ಕಿಟಕಿ ಇಲ್ಲದ ಇಂಟೀರಿಯರ್ ಕ್ಯಾಬಿನ್. ಕಾಲೇಜು ಮಕ್ಕಳಿಗೆ ಕಿಟಕಿ ಇಲ್ಲದಿರುವುದು ವರವೇ, ಹನ್ನೊಂದರ ತನಕ ಕತ್ತಲೆ ಅಲ್ವಾ! ಮೂರನೆಯದು, ಮಗ ಮಗಳು ಇಬ್ಬರಿದ್ದು ಒಂದೇ ಕ್ಯಾಬಿನ್ ಬೇಡ ಅನ್ನಿಸಿದರೆ ಅಮ್ಮ ಮಗಳು ಒಂದರಲ್ಲಿ, ಅಪ್ಪ ಮಗ ಇನ್ನೊಂದರಲ್ಲಿ.

ಇಲ್ಲಿ ಒಂದು ನಿಯಮ ಇದೆ. ಪ್ರತಿ ಕ್ಯಾಬಿನ್‌ನಲ್ಲೂ ನಿಗದಿತ ವಯಸ್ಸಿನ ಒಬ್ಬರು ಹಿರಿಯರು ಇರಬೇಕು. ಅದು 18 ಇರಬಹುದು, 21 ಇರಬಹುದು. ಅಪ್ಪ ಅಮ್ಮನ ಕ್ಯಾಬಿನ್ನಿಗೆ ಅಂಟಿಕೊಂಡೋ ಎದುರಿಗೋ ಇದ್ದರೆ ಕೆಲವು ಕಂಪನಿಗಳು ಸಡಿಲ ಬಿಡುತ್ತವೆ. ಬಿಡದಿದ್ದರೆ ಬುಕಿಂಗ್‌ನಲ್ಲಿ ಒಬ್ಬೊಬ್ಬ ಹಿರಿಯರನ್ನು ಒಂದೊಂದು ಕ್ಯಾಬಿನ್ನಿಗೆ ಹಾಕಿಸಿ, ಹತ್ತಿದ ಮೇಲೆ ರಿಸೆಪ್ಷನ್‌ನಲ್ಲಿ ಹೆಚ್ಚುವರಿ ಕೀ ಕಾರ್ಡ್ ಕೇಳುವುದು ರೂಢಿ. ಬುಕ್ ಮಾಡುವ ಮುಂಚೆಯೇ ಕಂಪನಿಯನ್ನು ಕೇಳಿ ಇಟ್ಟುಕೊಳ್ಳಿ.

'ಗ್ಯಾರಂಟಿ ಕ್ಯಾಬಿನ್' ಅಂತ ಕಡಿಮೆ ದರಕ್ಕೆ ಕೊಡುತ್ತಾರೆ. ನಂಬರ್ ಕಂಪನಿಯೇ ಆರಿಸುತ್ತದೆ. ನೀವು ಎಂಟನೇ ಅಂತಸ್ತು, ಮಕ್ಕಳು ಮೂರನೇ ಅಂತಸ್ತು ಆಗಬಹುದು. ಬೇಡ.

ನಂಬರ್ ಆರಿಸುವಾಗ ಡೆಕ್ ಪ್ಲಾನ್‌ನಲ್ಲಿ ಮೇಲಿನ ಕೆಳಗಿನ ಅಂತಸ್ತು ಎರಡನ್ನೂ ನೋಡಿ. ಮೇಲೂ ಕ್ಯಾಬಿನ್, ಕೆಳಗೂ ಕ್ಯಾಬಿನ್ ಇದ್ದರೆ ನಿದ್ದೆ ಖಾತರಿ. ಈಜುಕೊಳದ ಕೆಳಗಾದರೆ ಬೆಳಿಗ್ಗೆ ಐದಕ್ಕೇ ಕುರ್ಚಿ ಎಳೆಯುವ ಸದ್ದು. ಡಿಸ್ಕೋ ಮೇಲಾದರೆ ರಾತ್ರಿಯೆಲ್ಲ ಧಡ್ ಧಡ್. ಯಾರಿಗಾದರೂ ಆಗುಂಬೆ ಘಾಟಿಯಲ್ಲಿ ವಾಂತಿ ಬರುವ ಅಭ್ಯಾಸ ಇದ್ದರೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ತೆಗೆದುಕೊಳ್ಳಿ. ಅಲ್ಲಿ ಅಲುಗಾಟ ಕಡಿಮೆ. ಮಾತ್ರೆಯನ್ನು ಡಾಕ್ಟರನ್ನು ಕೇಳಿ ಮೊದಲೇ ತಂದಿಟ್ಟುಕೊಳ್ಳಿ.

6. ಊಟ

ಸಿಂಗಾಪುರದಿಂದ ಹೊರಡುವ ಹಡಗುಗಳಲ್ಲಿ ಭಾರತೀಯರು ತುಂಬಾ. ಅನ್ನ, ಸಾರು, ಪನೀರು, ಮೊಸರು ಸಿಗುತ್ತದೆ. ಜೆಂಟಿಂಗ್ ಡ್ರೀಮ್‌ನಲ್ಲಿ ಸಸ್ಯಾಹಾರ ಮತ್ತು ಜೈನ ಊಟದ ವ್ಯವಸ್ಥೆ ಇದೆ, ಕಾರ್ಡೆಲಿಯಾದಲ್ಲೂ ಇದೆ. ಬೆಣ್ಣೆ ದೋಸೆ, ಮಂಡಕ್ಕಿ ಮಿರ್ಚಿ ಊರಿಗೆ ಬಂದ ಮೇಲೆಯೇ.

ಲಿಂಗಾಯತ, ಜೈನ ಮನೆಗಳವರು ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ವಿದೇಶಿ ಹಡಗಿನಲ್ಲಿ 'ವೆಜಿಟೇರಿಯನ್' ಅಂದರೆ ಮೊಟ್ಟೆ ಸೇರಿರಬಹುದು. ಬುಕ್ ಮಾಡುವಾಗಲೇ 'ಮೊಟ್ಟೆ ಇಲ್ಲದ ಭಾರತೀಯ ಸಸ್ಯಾಹಾರ' ಅಂತ ಬರೆಸಿ. ಮೊದಲ ರಾತ್ರಿ ಊಟದ ಹಾಲ್‌ನ ಮುಖ್ಯಸ್ಥರಿಗೆ ಮತ್ತೊಮ್ಮೆ ಹೇಳಿ, ನಾಳಿನ ಅಡುಗೆಗೆ ಹಿಂದಿನ ರಾತ್ರಿಯೇ ಅವರು ತಯಾರಿ ಮಾಡುತ್ತಾರೆ. ಮನೆಯಲ್ಲಿ ಮಾಡಿದ ರೊಟ್ಟಿ ಚಟ್ನಿಪುಡಿ ಕಟ್ಟಿಕೊಂಡು ಹೋಗುವ ಯೋಚನೆ ಇದ್ದರೆ ನಿಯಮ ಓದಿ, ಮನೆ ಅಡುಗೆಗೆ ಸಾಮಾನ್ಯವಾಗಿ ಬಿಡುವುದಿಲ್ಲ.

ಮಕ್ಕಳ ಕಡೆಯಿಂದ ನೋಡಬೇಕಾದ್ದು ಒಂದೇ: ನಡುರಾತ್ರಿ ಪುಕ್ಕಟೆ ಏನು ಸಿಗುತ್ತದೆ? ಪಿಜ್ಜಾ ಕೌಂಟರ್ ತೆರೆದಿದ್ದರೆ ಸಾಕು.

7. ಜಾಹೀರಾತಿನ ದರ, ಕೊನೆಯ ದರ

ಪೇಪರಿನಲ್ಲಿ ಬರುವ ದರ ಒಬ್ಬರದು, ಅದೂ ಇಬ್ಬರು ಒಂದು ಕ್ಯಾಬಿನ್ ಹಂಚಿಕೊಂಡಾಗ. ಅದರ ಮೇಲೆ ಬಂದರು ಶುಲ್ಕ, ತೆರಿಗೆ ಬೀಳುತ್ತದೆ. ಆಮೇಲೆ ಗ್ರ್ಯಾಚುಟಿ, ಅಂದರೆ ಸಿಬ್ಬಂದಿಗೆ ಕಡ್ಡಾಯದಂತೆಯೇ ಹಿಡಿಯುವ ಟಿಪ್ಸ್. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್. 18 ಅಂತ ಹಿಡಿದರೂ ನಾಲ್ವರಿಗೆ ನಾಲ್ಕು ರಾತ್ರಿಗೆ 288 ಡಾಲರ್ ಆಯಿತು. ಮಕ್ಕಳಿಗೆ ವಿನಾಯಿತಿ ಇಲ್ಲ.

ವೈಫೈ ಸಾಮಾನ್ಯವಾಗಿ ಬೇರೆ ಖರ್ಚು, ಪ್ರತಿ ಮೊಬೈಲಿಗೂ ಬೇರೆ. ಕೋಲಾ, ಜ್ಯೂಸು ಹೆಚ್ಚಿನ ಕಡೆ ಬೇರೆ. ವಿದೇಶಿ ಪ್ಯಾಕೇಜ್ ಆದರೆ ಏಜೆಂಟ್ ಟಿಸಿಎಸ್ (ಹಣ ಪಡೆಯುವಾಗಲೇ ವಸೂಲು ಮಾಡುವ ತೆರಿಗೆ) ಹಿಡಿಯುತ್ತಾರೆ, ಅದರ ರಸೀದಿ ಇಟ್ಟುಕೊಂಡರೆ ಆದಾಯ ತೆರಿಗೆ ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು. ಹಡಗಿನ ಆಸ್ಪತ್ರೆ ದುಬಾರಿ, ನಮ್ಮ ಊರಿನ ಆರೋಗ್ಯ ವಿಮೆ ಅಲ್ಲಿ ನಡೆಯುವುದಿಲ್ಲ. ಕ್ರೂಸ್ ಸೇರಿದ ಪ್ರವಾಸ ವಿಮೆಯನ್ನು ಬಿಡಬೇಡಿ.

ಏಜೆಂಟ್ ಹತ್ತಿರ ದರ ಕೇಳುವಾಗ 'ಎಲ್ಲ ಸೇರಿ ನಾಲ್ವರಿಗೆ, ಒಂದು ಕ್ಯಾಬಿನ್ ಆದರೆ ಎಷ್ಟು, ಎರಡಾದರೆ ಎಷ್ಟು' ಅಂತ ಬರಹದಲ್ಲಿ ಕೇಳಿ. ಮೂರನೆಯ ನಾಲ್ಕನೆಯವರಿಗೆ ದರ ಕಡಿಮೆ ಇರುವುದರಿಂದ ಎರಡು ಕ್ಯಾಬಿನ್ ಜಾಸ್ತಿಯಾಗುತ್ತದೆ, ಆದರೆ ಅಂದುಕೊಂಡಷ್ಟು ದುಪ್ಪಟ್ಟು ಆಗುವುದು ಕಡಿಮೆ.

8. ಬಂದರುಗಳು

ಹದಿಹರೆಯದವರ ಜೊತೆ ಹೋಗುವಾಗ ಬಂದರಿನ ಹೆಸರಿಗಿಂತ ಅಲ್ಲಿಂದ ಊರು ಎಷ್ಟು ದೂರ ಅನ್ನುವುದು ಮುಖ್ಯ. 'ಕೌಲಾಲಂಪುರ' ಅಂತ ಬರೆದಿದ್ದರೂ ಹಡಗು ನಿಲ್ಲುವುದು ಪೋರ್ಟ್ ಕ್ಲಾಂಗ್‌ನಲ್ಲಿ. ಅಲ್ಲಿಂದ ಊರೊಳಗೆ ಸುಮಾರು 40 ಕಿಲೋಮೀಟರ್. ಪಿನಾಂಗ್ ಹಾಗಲ್ಲ, ಇಳಿದರೆ ಜಾರ್ಜ್ ಟೌನ್ ನಡೆಯುವ ದೂರದಲ್ಲೇ ಇದೆ. ಗೋಡೆ ಚಿತ್ರ ನೋಡುತ್ತಾ ತಿಂಡಿ ತಿನ್ನುತ್ತಾ ಮಕ್ಕಳು ಅರ್ಧ ದಿನ ಕಳೆಯುತ್ತಾರೆ. ಲಕ್ಷದ್ವೀಪದಂಥ ಕಡೆ ಹಡಗು ದೂರದಲ್ಲೇ ನಿಂತು ಸಣ್ಣ ದೋಣಿಯಲ್ಲಿ ದಡಕ್ಕೆ ಬಿಡುತ್ತಾರೆ. ಅಲೆ ಜೋರಾದರೆ ಆ ದಿನದ ಇಳಿಯುವಿಕೆ ರದ್ದಾಗಬಹುದು.

9. ಕಾಗದ ಪತ್ರ

ದಾವಣಗೆರೆಯ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇರುವುದರಿಂದ ಬೆಂಗಳೂರಿಗೆ ಓಡುವ ಕೆಲಸ ಇಲ್ಲ. ಆದರೆ ಮಕ್ಕಳ ಪಾಸ್‌ಪೋರ್ಟ್ ಇವತ್ತೇ ತೆಗೆದು ನೋಡಿ. ಚಿಕ್ಕವರಿಗೆ ಕೊಡುವುದು ಐದು ವರ್ಷಕ್ಕೆ ಅಥವಾ ಹದಿನೆಂಟು ತುಂಬುವ ತನಕ, ಯಾವುದು ಮೊದಲೋ ಅದು. ಸಿಂಗಾಪುರಕ್ಕೆ ಪಾಸ್‌ಪೋರ್ಟ್‌ಗೆ ಆರು ತಿಂಗಳ ಬಾಳಿಕೆ ಬೇಕು. ಅಂದರೆ ಹದಿನೇಳೂವರೆ ದಾಟಿದ ಮಗುವಿನ ಹಳೆಯ ಪಾಸ್‌ಪೋರ್ಟ್ ಕೈಯಲ್ಲಿದ್ದರೂ ಕೆಲಸಕ್ಕೆ ಬರಲ್ಲ. ಹದಿನೈದು ದಾಟಿದವರಿಗೆ ಪೂರ್ತಿ ಶುಲ್ಕ ಕಟ್ಟಿ ಹತ್ತು ವರ್ಷದ ಪಾಸ್‌ಪೋರ್ಟನ್ನೇ ಮಾಡಿಸಬಹುದು.

ಸಿಂಗಾಪುರದ ವೀಸಾ ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡುವಂಥದ್ದು ಇರಲಿ, ಹಡಗು ಹೊರಗೆ ಹೋಗಿ ಮತ್ತೆ ಅಲ್ಲಿಗೇ ಬರುತ್ತದೆ ಅಲ್ವಾ. ಟಿಕೆಟ್‌ನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಬೇಕು. ನಮ್ಮ ಕಡೆ ಹೆಸರಿನ ಮುಂದೆ ಒಂದು ಅಕ್ಷರ ಬಿಟ್ಟರೆ ಉಪನಾಮವೇ ಇರುವುದಿಲ್ಲ, ಅದನ್ನು ಫಾರ್ಮಿನಲ್ಲಿ ಹೇಗೆ ತುಂಬಬೇಕು ಅಂತ ಏಜೆಂಟ್ ಹತ್ತಿರ ಕೂತೇ ಬರೆಸಿ. ಹದಿನೆಂಟರ ಒಳಗಿನ ಮಗುವಿನ ಜೊತೆ ಒಬ್ಬರೇ ಹೋಗುತ್ತಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಜೊತೆಗಿರಲಿ.

ಸಿಂಗಾಪುರದಲ್ಲಿ ಎರಡು ಟರ್ಮಿನಲ್ ಇವೆ, ಮರೀನಾ ಬೇ ಮತ್ತು ಹಾರ್ಬರ್‌ಫ್ರಂಟ್. ಯಾವುದು ಅಂತ ಟಿಕೆಟ್ಟಿನಲ್ಲಿ ನೋಡಿ. ಒಂದು ದಿನ ಮೊದಲೇ ತಲುಪಿ, ವಿಮಾನ ತಡವಾಯಿತು ಅಂತ ಹಡಗು ಕಾಯುವುದಿಲ್ಲ. ಬೆಂಗಳೂರು ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಹೋಗುವವರು ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿದರೆ ಬೆಂಗಳೂರಿನ ಟ್ರಾಫಿಕ್ ತಪ್ಪುತ್ತದೆ.

10. ಹತ್ತುವ ಮುಂಚೆ ಮನೆಯಲ್ಲಿ ಒಂದು ಮಾತುಕತೆ

ಮಕ್ಕಳಿಗೆ ಭಾಷಣ ಬೇಡ, ಕರಾರು ಸಾಕು. ರಾತ್ರಿ ಎಷ್ಟು ಗಂಟೆಗೆ ಕ್ಯಾಬಿನ್ನಿಗೆ ಬರಬೇಕು? ರಾಯಲ್ ಕೆರಿಬಿಯನ್‌ನಂಥ ಹಡಗಿನಲ್ಲಿ ಹದಿನೆಂಟರ ಒಳಗಿನವರಿಗೆ ರಾತ್ರಿ ಒಂದು ಗಂಟೆಯ ಮಿತಿ ಇದೆ. ಅದಕ್ಕಿಂತ ಮುಂಚೆಯೋ ಅಷ್ಟಕ್ಕೇನಾ ಅನ್ನುವುದು ನಿಮ್ಮ ಮನೆಯ ತೀರ್ಮಾನ. ರಾತ್ರಿ ಊಟಕ್ಕೆ ಮಾತ್ರ ತಪ್ಪಿಸುವಂತಿಲ್ಲ. ಬೇರೆಯವರ ಕ್ಯಾಬಿನ್ನಿಗೆ ಹೋಗುವಂತಿಲ್ಲ.

ಕೀ ಕಾರ್ಡೇ ಹಡಗಿನಲ್ಲಿ ದುಡ್ಡು. ಮಕ್ಕಳ ಕಾರ್ಡಿಗೆ ಮಿತಿ ಹಾಕಿಸಬಹುದು, ಖರೀದಿ ಬಂದ್ ಮಾಡಿಸಲೂಬಹುದು. ಮೊಬೈಲು ಹಡಗು ಹೊರಟ ಕೂಡಲೇ ಫ್ಲೈಟ್ ಮೋಡ್‌ಗೆ. ಇಲ್ಲದಿದ್ದರೆ ಅದು ನಡುನೀರಿನಲ್ಲಿ ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿಯುತ್ತದೆ, ಬಿಲ್ ನೋಡಿದರೆ ಎದೆ ಧಸಕ್ಕನ್ನುತ್ತದೆ. ಹಡಗಿನೊಳಗೆ ಮೆಸೇಜ್ ಮಾಡಲು ಕೆಲವು ಕಂಪನಿಗಳ ಆ್ಯಪ್‌ನಲ್ಲೇ ಚಾಟ್ ಇರುತ್ತದೆ.

ವೇಪ್, ಅಂದರೆ ಇ-ಸಿಗರೇಟ್ ಬಗ್ಗೆ ಮುಚ್ಚುಮರೆ ಇಲ್ಲದೆ ಕೇಳಿ. ಸಿಂಗಾಪುರದಲ್ಲಿ ಅದು ಬ್ಯಾಗಿನಲ್ಲಿ ಇದ್ದರೂ ಅಪರಾಧ. 'ನನ್ನದಲ್ಲ, ಫ್ರೆಂಡಿಂದು' ಅಂದರೆ ಅಲ್ಲಿ ಯಾರೂ ಕೇಳುವುದಿಲ್ಲ.

ಹತ್ತಿದ ದಿನ ಮೊದಲು ಸುರಕ್ಷತಾ ಡ್ರಿಲ್ ಮುಗಿಸಿ, ಅದು ಎಲ್ಲರಿಗೂ ಕಡ್ಡಾಯ. ಆಮೇಲೆ ಅದೇ ಸಂಜೆ ಟೀನ್ ಕ್ಲಬ್‌ನಲ್ಲಿ ಹೆಸರು ಬರೆಸಿ. ನಾಳೆ ಹೋಗ್ತೀನಿ ಅಂತ ಮಗ ಹೇಳಿದರೆ ಒಪ್ಪಬೇಡಿ. ಮೊದಲ ರಾತ್ರಿ ಎಲ್ಲರೂ ಹೊಸಬರು, ಎರಡನೇ ದಿನಕ್ಕೆ ಗುಂಪುಗಳು ಆಗಿಬಿಟ್ಟಿರುತ್ತವೆ. ಬಾಗಿಲ ತನಕ ಹೋಗಿ ಬಿಟ್ಟು ಬನ್ನಿ, ಒಳಗೆ ಇಣುಕಿ ನೋಡುತ್ತಾ ನಿಲ್ಲಬೇಡಿ.